ಏಳು ಎಣಿಕೆಯ ಹಾಡು

ನಮ್ಮ ಬ್ಯಾಂಡಿನ ಚರಿತ್ರೆಗೆ ಅರ್ಧ ಪುಟ ಸಾಕು. ಕಾರ್ಗಲ್ ಕಾಲೊನಿಯ ಚರ್ಚಿನಲ್ಲಿ ಭಕ್ತಿಗೀತೆ ಹಾಡಿಕೊಂಡಿದ್ದ ನಾವು ನಾಲ್ವರು ಗೆಳೆಯರು, ಯೇಸುವಿನ ಮೇಲೆ ಪ್ರೋಗ್ರೆಸಿವ್ ಮೆಟಲ್ ಎಂಬ ಅಬ್ಬರದ, ತೊಡಕು ತಾಳದ ರಾಕ್ ಸಂಗೀತ ಕಟ್ಟಲು ಹೊರಟೆವು. ನನ್ನದು ಡ್ರಮ್ಸ್. ವರ್ಷವಿಡೀ ತಿಣುಕಿ ಮಾಡಿದ್ದು ಒಂದೇ ಹಾಡು. ಶಿಲುಬೆ ಹೊತ್ತವನು ಎಡವುತ್ತಾ ನಡೆದಂತೆ ಕೇಳಿಸಲೆಂದು ಅದನ್ನು ಎಂಟಕ್ಕೆ ಒಂದು ಕಡಿಮೆ, ಏಳು ಎಣಿಕೆಯ ತಾಳಕ್ಕೆ ಕೂರಿಸಿದ್ದೆವು.

ಈಸ್ಟರ್ ಸಂಜೆ ಸಾಗರದ ಚರ್ಚಿನಲ್ಲಿ ಅದನ್ನು ಮೊದಲ ಸಲ ನುಡಿಸಿದೆವು. ನಮ್ಮ ಜನಕ್ಕೆ ದೇವರ ಹಾಡೆಂದರೆ ಚಪ್ಪಾಳೆ ತಟ್ಟಲೇಬೇಕು. ಗಿಟಾರ್ ಎಷ್ಟೇ ಗರ್ಜಿಸಲಿ, ಯೇಸುವಿನ ಹೆಸರು ಕಿವಿಗೆ ಬಿತ್ತಲ್ಲ, ಇಡೀ ಸಭೆ ಪ್ರೀತಿಯಿಂದ ತಟ್ಟತೊಡಗಿತು. ಅದೂ ಎಂದಿನ ನಾಲ್ಕರ ಎಣಿಕೆಯಲ್ಲಿ! ಗಿಟಾರಿನವನು ನನ್ನತ್ತ ತಿರುಗಿ, ಏಳನ್ನು ಬಿಡಬೇಡ ಎಂದು ಕಣ್ಣಲ್ಲೇ ಗದರಿದ. ನಾನೂ ಹಲ್ಲು ಕಚ್ಚಿ ಹಿಡಿದೆ. ಆದರೆ ಎದುರು ಸಾಲಿನಲ್ಲಿ ಅಮ್ಮ ಮಂಡಿನೋವು ಮರೆತು ಎದ್ದು ನಿಂತು ತಟ್ಟುತ್ತಿದ್ದಳು. ದೊಡ್ಡ ಡ್ರಮ್ಮಿನ ಪೆಡಲ್ ಮೇಲಿದ್ದ ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಅವಳ ನಾಲ್ಕಕ್ಕೆ ಬಿದ್ದೇ ಬಿಟ್ಟಿತು. ಉಳಿದ ಮೂವರೂ ಒಬ್ಬೊಬ್ಬರಾಗಿ ನುಡಿಸುವುದನ್ನು ಕೈಬಿಟ್ಟರು. ಕೊನೆಗೆ ನನ್ನ ಡ್ರಮ್ಮೂ ಸಭೆಯ ಚಪ್ಪಾಳೆಯೂ ಮಾತ್ರ ಉಳಿದವು.

ಗಿಟಾರಿನವನು ಮತ್ತೆ ಪ್ರಾಕ್ಟೀಸಿಗೆ ಬರಲಿಲ್ಲ. ಬ್ಯಾಂಡು ಅಲ್ಲಿಗೇ ಮುಗಿಯಿತು.

ಆ ಸಂಜೆ ಕಾರ್ಗಲ್ಲಿನ ಬಸ್ಸಿನಲ್ಲಿ ಅಮ್ಮ ಕೆಂಪಾದ ಅಂಗೈಗಳನ್ನು ನನ್ನ ಮುಂದೆ ಹಿಡಿದಳು.

"ಪಾಪ, ನಿಮ್ ಹಾಡು ಎಡವ್ತಾ ಇತ್ತು ಮಾರಾಯ. ನಾವೆಲ್ಲ ಸೇರಿ ಎತ್ತಿ ನಿಲ್ಸಿದ್ವಿ ನೋಡು."

"ಹೌದಮ್ಮ" ಎಂದೆ.