ಕಲ್ಲುದಿಬ್ಬಕ್ಕೆ ಬಿದ್ದ ಗೊಬ್ಬರ

ಇಸ್ತ್ರಿ ಅಂಗಡಿಯಾಕೆಗೆ ಬೀದಿಯವರು ಇಟ್ಟ ಹೆಸರು ಕೆಂಡಕ್ಕ. ಇಸ್ತ್ರಿಪೆಟ್ಟಿಗೆಗೆ ಕರೆಂಟು ಬಂದು ಎಷ್ಟೋ ಕಾಲವಾಗಿದ್ದರೂ ಹೆಸರು ಮಾತ್ರ ಆರಲಿಲ್ಲ; ಸಿಟ್ಟು ಅವಳ ಮೂಗಿನ ತುದಿಯಲ್ಲೇ ಇರುತ್ತಿತ್ತು. ದಿನವಿಡೀ ಕಂಡವರ ಅಂಗಿಗಳ ಮೇಲೆ ಬಗ್ಗಿ ನಿಂತವಳು ತಲೆಯೆತ್ತಿದರೆ ಕಿಟಕಿಯಾಚೆ ಒಂದು ಕಲ್ಲುದಿಬ್ಬ. ಮಳೆ ಬಿದ್ದರೆ ಅದರ ಜಲ್ಲಿಯ ಸಂದಿಯಲ್ಲಿ ಬೆರಳುದ್ದದ ಗಿಡಗಳೆದ್ದು ದಿಬ್ಬವೆಲ್ಲ ನೀಲಿಯಾಗುತ್ತಿತ್ತು. ಯಾರೂ ಬಿತ್ತಿದ್ದಲ್ಲ. ಹೂ ಬಿಟ್ಟು, ಬೀಜ ಉದುರಿಸಿ, ಒಣಗಿ ಸಾಯುವ ಗಿಡ. ಮುಂದಿನ ವರ್ಷದ ಹೂವೆಲ್ಲ ಆ ಬೀಜದಿಂದಲೇ ಬರಬೇಕು. ಅದಕ್ಕೇ, ಅಲ್ಲಿ ಹೂ ಕಿತ್ತವರಿಗೆಲ್ಲ ಅವಳು ಅಂಗಡಿಯೊಳಗಿಂದಲೇ ಮಂಗಳಾರತಿ ಮಾಡುತ್ತಿದ್ದಳು.

ಕಡೆಗೆ ಬೇಲಿಯೇ ಎದ್ದು ಹೊಲ ಮೇಯಿತು. ಅವಳ ಅಕ್ಕನ ಗಂಡ ನರ್ಸರಿ ಕೆಲಸದಲ್ಲೇ ತಲೆ ನರೆಸಿಕೊಂಡವರು, ಕುಂಡದ ಗಿಡಗಳಿಗೆ ಹೊತ್ತುಹೊತ್ತಿಗೆ ಉಣ್ಣಿಸಿ ಬೆಳೆಸಿದವರು. ಪಾಪ, ಕಲ್ಲಿನಲ್ಲಿ ಹಸಿದು ನಿಂತಿವೆಯೆಂದು ಅವರ ಕರುಳು ಚುರುಕ್ ಎಂದಿತಂತೆ. ಕೆಂಡಕ್ಕ ಮಗಳ ಬಾಣಂತನಕ್ಕೆ ಹೋಗಿದ್ದ ಬೇಸಿಗೆಯಲ್ಲಿ ದಿಬ್ಬಕ್ಕೆ ಕೆಮ್ಮಣ್ಣು, ಗೊಬ್ಬರ ಸುರಿದು, ಪೈಪು ಎಳೆದು ನೀರನ್ನೂ ಬಿಟ್ಟರು.

ಮಳೆ ಬಂತು. ಸೊಂಟದೆತ್ತರ ಹುಲ್ಲು ಬಂತು. ಅದರಡಿ ಸಿಕ್ಕಿ ನೀಲಿ ಹೂ ಒಂದೂ ಬರಲಿಲ್ಲ. ಬೀದಿಯವರು, ಎಷ್ಟು ಹಸಿರಾಯಿತು ನೋಡಿ ಎಂದು ಭಾವನ ಬೆನ್ನು ತಟ್ಟಿದರು. ಬಾಣಂತನ ಮುಗಿಸಿ ಬಂದ ಕೆಂಡಕ್ಕನಿಗೆ ಮೈಯುರಿದದ್ದು ಅದಕ್ಕೇ. ಕಣ್ಣಿದ್ದ ಒಬ್ಬರಿಗೂ ಆ ನೀಲಿ ಹೋದದ್ದು ಕಾಣಲಿಲ್ಲವೇ? ಪ್ರೀತಿಯಂತೆ ಪ್ರೀತಿ! ಕೇಳದೆ ಬಾಯಿಗೆ ತುರುಕಿ ಉಸಿರುಗಟ್ಟಿಸುವುದಕ್ಕೂ ಅದೇ ಹೆಸರೇ?

ಕೇಳಿದ್ದಕ್ಕೆ ಭಾವ, ಒಳ್ಳೆಯದಕ್ಕೇ ಮಾಡಿದ್ದು ಎಂದರು. ಗೊಬ್ಬರ ಸಾಲಲಿಲ್ಲವೇನೋ, ಇನ್ನೊಂದು ಗಾಡಿ ಹಾಕಿಸೋಣ ಎಂದೂ ಸೇರಿಸಿದರು.

ಕೆಂಡಕ್ಕ ಅಂಗಡಿಗೆ ಬೀಗ ಹಾಕಿ ಸಲಿಕೆ ಹಿಡಿದಳು. ಹುಲ್ಲನ್ನು ಬೇರುಸಹಿತ ಕಿತ್ತಳು. ಮಣ್ಣನ್ನು ಕೆರೆದು ಚೀಲಕ್ಕೆ ತುಂಬಿ, ಎಳೆದೊಯ್ದು ಭಾವನ ಗೇಟಿನೆದುರಿಗೇ ಸುರಿದಳು. ಬೀದಿಯವರಿಗೆ ಇವಳ ತಲೆ ಕೆಟ್ಟಿತೆಂದು ಖಾತ್ರಿಯಾಯಿತು. ಹಳೆಯ ಜಲ್ಲಿ ಕಾಣಿಸುವ ಹೊತ್ತಿಗೆ ಅವಳ ಅಂಗೈ ಬೊಬ್ಬೆಯೆದ್ದು, ಇಸ್ತ್ರಿಪೆಟ್ಟಿಗೆ ಹಿಡಿಯಲಾರದಂತಾಗಿತ್ತು.

ಭಾವ ಬಂದರು. ಬಂದವರು ಅವಳ ಕೈ ನೋಡಿದರು, ಬೋಳು ದಿಬ್ಬ ನೋಡಿದರು. ಅಡಿಯಲ್ಲಿ ಬೀಜ ಉಳಿದಿರಬಹುದೇ, ಮತ್ತೆ ಬರುತ್ತದೆಯೇ ಎಂದು ಮೆತ್ತಗೆ ಕೇಳಿದರು.

"ಬರದೇ ಹೋದ್ರೆ ಕೊಂದೋರು ನೀವೇ ಭಾವ," ಎಂದಳು ಕೆಂಡಕ್ಕ. "ಬಂದ್ರೆ, ದಯವಿಟ್ಟು ಪ್ರೀತಿ ಮಾಡೋಕೆ ಮಾತ್ರ ಬರಬೇಡಿ."