ಪುಟ್ಟಮ್ಮನನ್ನು ಎತ್ತಿಕೊಳ್ಳುವ ವಿಧಾನ

ಸೂಚನಾಪತ್ರ ಬರೆಯುವವರು ಇನ್ನೊಬ್ಬರು ಬರೆದದ್ದನ್ನು ಓದುವುದಿಲ್ಲ ಎಂಬುದು ನನ್ನ ಮಟ್ಟಿಗಂತೂ ಸಿದ್ಧವಾದ ಸತ್ಯ. ಮುಖ್ಯೋಪಾಧ್ಯಾಯನಾಗಿದ್ದಷ್ಟು ಕಾಲವೂ ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಎಂದು ಶಾಲೆಯ ಹಲಗೆಯ ತುಂಬ ಆಜ್ಞೆಗಳನ್ನು ಹೊರಡಿಸಿದ ನಾನು, ನಿವೃತ್ತನಾಗಿ ಸಾಗರದ ಈ ಪುಟ್ಟ ಮನೆಯಲ್ಲಿ ನೆಲೆಸಿದ ಮೇಲೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಯಾವ ಚೀಟಿಯನ್ನೂ ಓದಿದವನಲ್ಲ. ಹಾಲು ಕಾಯಿಸಿಡಿ ಎಂಬ ಚೀಟಿಯನ್ನು ಓದದಿದ್ದರೆ ಹಾಲು ಒಡೆಯುತ್ತದೆ, ಅಷ್ಟೇ. ಹಾವಿನ ಚೀಟಿಯನ್ನು ಓದದಿದ್ದರೆ ಏನಾಗುತ್ತದೆಂಬುದನ್ನು ತಾವು ನನ್ನನ್ನು ನೋಡಿ ತಿಳಿದುಕೊಳ್ಳಬಹುದು.

ನಮ್ಮ ಮಗಳು ಮಾನಸ ಹೊಸನಗರದಲ್ಲಿ ಪಶುವೈದ್ಯೆ. ಬೇರೆಯವರ ಹೆಣ್ಣುಮಕ್ಕಳು ಬೆಕ್ಕು ಸಾಕಿದರೆ ಇವಳು ಸಾಕಿದ್ದು ಹಾವು: ಆಫ್ರಿಕಾ ಮೂಲದ, ವಿಷವಿಲ್ಲದ, ಮೂರಡಿ ಉದ್ದದ, ಹೆಬ್ಬಾವಿನ ಜಾತಿಯದು. ನಮ್ಮ ಕಾಡಿನ ಹಾವನ್ನು ಮನೆಯಲ್ಲಿಟ್ಟರೆ ಅರಣ್ಯ ಇಲಾಖೆಯವರು ಹಾವಿನ ಜೊತೆ ಅವಳನ್ನೂ ಒಯ್ಯುತ್ತಾರೆ. ಇದಕ್ಕಾದರೆ ನೋಂದಣಿಯ ಕಾಗದವಿದೆ. ಹೆಸರು ಪುಟ್ಟಮ್ಮ. ಯಾರೋ ಸಾಕಲಾರದೆ ಇವಳ ಬಳಿ ಬಿಟ್ಟುಹೋದ ಪುಟ್ಟಮ್ಮನಿಗೆ ಮನುಷ್ಯರ ಕೈಯೆಂದರೆ ಆಗದು. ಕಳೆದ ಆಷಾಢದಲ್ಲಿ ತರಬೇತಿಗೆಂದು ನಾಲ್ಕು ದಿನ ಊರು ಬಿಡಬೇಕಾಗಿ ಬಂದಾಗ ಮಾನಸ ಅದನ್ನು ಪೆಟ್ಟಿಗೆಯ ಸಮೇತ ನಮ್ಮಲ್ಲಿ ತಂದಿಟ್ಟಳು. “ನೀರು ಬದಲಾಯಿಸಿದ್ರೆ ಸಾಕು ಅಪ್ಪಯ್ಯ, ಎತ್ತೋದೇನೂ ಬ್ಯಾಡ. ಚೀಟಿ ಮಾತ್ರ ಓದ್ಕಳಿ” ಎಂದು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ತನ್ನ ಯಾವ ಪ್ರಾಣಿಯನ್ನೂ ಅವಳು ಅದುವರೆಗೆ ನನ್ನ ವಶಕ್ಕೆ ಕೊಟ್ಟವಳಲ್ಲ. ಆ ನಂಬಿಕೆಗೆ ನನ್ನ ಎದೆ ಉಬ್ಬಿತು. ಎದೆ ಅಷ್ಟು ಉಬ್ಬಿದ ಮೇಲೆ ಚೀಟಿ ಹೇಗೆ ಕಾಣಿಸೀತು, ನೀವೇ ಹೇಳಿ.

ಮರುದಿನ ಬೆಳಿಗ್ಗೆ, ಹಾವಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ತಿಳಿಯದ್ದೇನಿದೆ ಎಂಬ ಧೈರ್ಯದಿಂದ, ಮೇಗರವಳ್ಳಿಯ ಭಾವಮೈದುನ ಎಂದೋ ಕೊಟ್ಟಿದ್ದ ಈಶ್ವರಿ ಬೇರನ್ನು ಹುಡುಕಿ ತೆಗೆದೆ. ಅದರ ವಾಸನೆಗೆ ಎಂಥ ಹಾವೂ ತಲೆ ತಗ್ಗಿಸುತ್ತದೆಂದು ನಮ್ಮಲ್ಲಿ ನಂಬಿಕೆ. ಬೇರನ್ನು ತೇದು, ಜೊತೆಗಿರಲೆಂದು ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ, ಎರಡೂ ಕೈಗೆ ಮೊಣಕೈವರೆಗೆ ಬಳಿದುಕೊಂಡೆ. “ಎಂತ ಅವತಾರ ಇದು? ಹಾವಿಗೆ ಒಗ್ಗರಣೆ ಹಾಕ್ತೀರಾ?” ಎಂದಳು ಹೆಂಡತಿ ಸುಮತಿ. ಆಫ್ರಿಕಾದ ಹಾವಿಗೆ ನಮ್ಮ ಬೇರಿನ ಮಹಿಮೆ ಗೊತ್ತಿರಲಿಲ್ಲವೋ ಏನೋ, ನೀರು ಬದಲಾಯಿಸಲೆಂದು ಮುಚ್ಚಳ ತೆಗೆದು ಮೇಲಿನಿಂದ ಕೈ ಇಳಿಸಿದ್ದೇ ತಡ, ಪುಟ್ಟಮ್ಮ ಕತ್ತನ್ನು ಹಿಂದಕ್ಕೆ ಮಡಚಿ ಬುಸ್ಸೆಂದು ನುಗ್ಗಿತು. ಕಚ್ಚಲಿಲ್ಲ. ಆದರೆ ಇಡೀ ಶಾಲೆಯನ್ನು ಒಂದೇ ಗದರಿಕೆಗೆ ಸುಮ್ಮನಾಗಿಸುತ್ತಿದ್ದ ನನ್ನ ಕಂಠದಿಂದ ಹೊರಟ ಚೀತ್ಕಾರಕ್ಕೆ ಪಕ್ಕದ ಮನೆಯ ಕಿಟಕಿ ತೆರೆಯಿತು, ಕೈ ಎಳೆದುಕೊಂಡ ರಭಸಕ್ಕೆ ನೀರಿನ ಬಟ್ಟಲು ಮಗುಚಿ ಪೆಟ್ಟಿಗೆಯೆಲ್ಲ ಒದ್ದೆಯಾಯಿತು.

ಫೋನಿನಲ್ಲಿ ಮಾನಸ ಗದರಲಿಲ್ಲ. ಗದರಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. “ಈ ಥಂಡಿಲಿ ಒದ್ದೆ ಮೇಲೇ ಇದ್ರೆ ಅದಕ್ಕೆ ಶ್ವಾಸಕೋಶದ ಕಾಯಿಲೆ ಬತ್ತದೆ ಅಪ್ಪಯ್ಯ, ಆಮೇಲೆ ಉಳಿಯೋದು ಕಷ್ಟ. ಇವತ್ತೇ ಎತ್ತಿ ಒಣ ಪೆಟ್ಟಿಗೆಗೆ ಹಾಕ್ಬೇಕು, ನೀವೇ ಮಾಡ್ಬೇಕು. ಅದಕ್ಕೆ ಸಿಟ್ಟು ಬಂದಿದ್ದಲ್ಲ, ಹೆದರಿಕೊಂಡದೆ ಅಷ್ಟೆ.”

ಆಗ ಚೀಟಿ ಓದಿದೆ. ಮೊದಲ ಸಾಲೇ ‘ಕೈಗೆ ಯಾವ ಘಾಟೂ ಇರಬಾರದು’ ಎಂದಿತ್ತು. ಮೂರು ಸಲ ಸೋಪು ಹಾಕಿ ತೊಳೆದೆ. ಮೇಲಿನಿಂದ ಬರುವ ಕೈ ಅದಕ್ಕೆ ಹದ್ದಿನಂತೆ ಕಾಣುವುದರಿಂದ ಪಕ್ಕದಿಂದ ನಿಧಾನವಾಗಿ ಬರಬೇಕು. ಕತ್ತು ಮಡಚಿ ಕೂತಿದ್ದರೆ ಹಿಂದೆ ಸರಿದು, ಅದರ ಪಾಡಿಗೆ ಬಿಟ್ಟು, ಆದರೂ ಹತ್ತಿರದಲ್ಲೇ ಇರಬೇಕು. ಕತ್ತು ಸಡಿಲಾದ ಮೇಲೆ ಸುರುಳಿ ಸುತ್ತಿದ ಕಾಗದದಿಂದ ಮೈಯ ನಡುವಿಗೆ ಮೆತ್ತಗೆ ತಾಗಿಸಿ, ಬಂದದ್ದು ಊಟವಲ್ಲವೆಂದು ತಿಳಿಸಬೇಕು; ತಲೆ ಹಿಡಿಯಲು ಹೋಗದೆ, ಬಿಗಿಯದೆ, ಎರಡೂ ಕೈಯಲ್ಲಿ ಮೈಯ ಭಾರವನ್ನು ಹೊರಬೇಕು. ತಾಳ್ಮೆ ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಆದರೂ ನೆಲದ ಮೇಲೆ ಕೂತು ಒಂದು ಗಂಟೆ ಕಾದೆ. ಎರಡು ಸಲ ಬುಸುಗುಟ್ಟಿತು, ಎರಡು ಸಲವೂ ಹಿಂದೆ ಸರಿದೆ. ಮೂರನೆಯ ಸಲ ಪುಟ್ಟಮ್ಮ ನನ್ನ ಅಂಗೈಗಳ ಮೇಲೆ ಹರಿದು ಬಂತು. ಮೈ ತಣ್ಣಗಿತ್ತು, ಅದು ಉಸಿರಾಡುವುದು ನನ್ನ ಬೆರಳುಗಳಿಗೆ ತಿಳಿಯುತ್ತಿತ್ತು. ಒಣ ಪೆಟ್ಟಿಗೆಯ ಬೆಚ್ಚಗಿನ ಮೂಲೆಯಲ್ಲಿ ಇಳಿಸಿದಾಗ ಅದು ಸುರುಳಿ ಸುತ್ತಿಕೊಂಡು ಮಲಗಿತು, ನನ್ನ ಅಂಗಿ ಮಾತ್ರ ಬೆವರಿನಿಂದ ತೊಯ್ದಿತ್ತು.

ಮಾನಸಳಿಗೆ ಫೋನು ಮಾಡಿ, ಇದನ್ನೆಲ್ಲ ಯಾವ ಕಾಲೇಜಿನಲ್ಲಿ ಕಲಿಸಿದರೆಂದು ಕೇಳಿದೆ. “ಕಾಲೇಜಲ್ಲಿ ಎಲ್ಲಿ ಅಪ್ಪಯ್ಯ? ಅಮ್ಮನ್ನ ನೋಡಿ ಕಲ್ತಿದ್ದು. ನೀವು ಶಾಲೆಯಿಂದ ಸಿಟ್ಟು ಮಾಡ್ಕಂಡು ಬಂದಾಗೆಲ್ಲ ಅಮ್ಮ ಹಿಂಗೇ ಅಲ್ವ ಮಾಡ್ತಿದ್ದಿದ್ದು” ಎಂದು ನಕ್ಕಳು.

ನನಗೂ ನಗು ಬರಬೇಕಿತ್ತು, ಬರಲಿಲ್ಲ. ಸುಮತಿ ಚಹಾದ ಲೋಟವನ್ನು ಸದ್ದಿಲ್ಲದೆ ನನ್ನ ಬದಿಗಿಟ್ಟು ಒಳಗೆ ಸರಿದುಹೋಗುವುದನ್ನು ಮೂವತ್ತನಾಲ್ಕು ವರ್ಷ ನಾನು ಪತಿಭಕ್ತಿಯೆಂದೇ ಬಗೆದಿದ್ದೆ. ಇನ್‌ಸ್ಪೆಕ್ಟರು ಬರುತ್ತಾರೆಂದರೆ, ಶಾಲೆಯ ಫಲಿತಾಂಶ ಇಳಿಯಿತೆಂದರೆ, ಮಗಳ ಬಸ್ಸು ತಡವಾಯಿತೆಂದರೆ ನಾನು ಹೆದರುತ್ತಿದ್ದೆ. ಮನೆಯಲ್ಲಿ ಕೇಳಿಸುತ್ತಿದ್ದುದು ನನ್ನ ಕೂಗಾಟ ಮಾತ್ರ. ಅದರೊಳಗಿನ ಹೆದರಿಕೆ ಸುಮತಿಗೆ ಗೊತ್ತಿತ್ತು, ಗೊತ್ತಿಲ್ಲದಿದ್ದುದು ನನಗೆ. ನಿಜಕ್ಕೂ ನಾಚಿಕೆಯಾಯಿತು.

ಅಷ್ಟರಲ್ಲಿ ಸುಮತಿ ಚಹಾ ತಂದು ನನ್ನ ಪಕ್ಕದಲ್ಲಿಟ್ಟು ಎಂದಿನಂತೆ ಹೊರಟಳು. “ಇಲ್ಲೇ ಕೂತ್ಕ ಮಾರಾಯ್ತಿ, ಸ್ವಲ್ಪ ಹೊತ್ತು” ಎಂದೆ. ಅವಳು ಪೆಟ್ಟಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ತನ್ನ ಲೋಟವನ್ನೂ ತರಲು ಒಳಗೆ ಹೋದಳು.