ಬಾಗಿಲು ಹೊತ್ತು ಬಂದ ಹೆಂಗಸಿನ ಸಿನಿಮಾ

ಹೋದ ತಿಂಗಳು ಅಟ್ಟದ ಮೇಲಿನ ಟ್ರಂಕು ತೆಗೆದಾಗ ಡಾಂಬರು ಗುಳಿಗೆಯ ವಾಸನೆಯ ನಡುವೆ ಒಂದು ವಿಡಿಯೊ ಕ್ಯಾಸೆಟ್ಟು ಸಿಕ್ಕಿತು. ಮೇಲೆ ನಮ್ಮ ಮಾವನವರ ಅಕ್ಷರದಲ್ಲಿ ‘ಮುನಿ ಮಹಾರಾಜರ ಪ್ರವಚನ’ ಎಂದಿತ್ತು. ಆ ಚೀಟಿಯ ಅಡಿಯಿಂದ ಇನ್ನೊಂದು ಚೀಟಿಯ ಅಂಚು ಇಣುಕುತ್ತಿತ್ತು, ಹಸಿರು ಶಾಯಿಯದು. ಹಸಿರು ಶಾಯಿಯಲ್ಲಿ ಬರೆಯುತ್ತಿದ್ದವರು ಚಿಕ್ಕೋಡಿಯಲ್ಲಿ ನನಗೆ ತಿಳಿದಂತೆ ಒಬ್ಬರೇ... ಬಸ್ ಸ್ಟ್ಯಾಂಡಿನ ಹಿಂದೆ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಕಾಕಾ.

ಅಂಗಡಿಯ ಮುಂದಿನ ಸಾಲಿನಲ್ಲಿ ಎಲ್ಲರೂ ಕೇಳುವ ಕನ್ನಡ, ಮರಾಠಿ, ಹಿಂದಿ ಸಿನಿಮಾಗಳಿದ್ದವು. ಹಿಂದೆ, ಹೂವಿನ ಪರದೆಯ ಆಚೆ, ಯಾರಿಗೂ ಬೇಡವಾದವು. ರವಿವಾರಕ್ಕೊಮ್ಮೆ ಕೊಲ್ಹಾಪುರದ ಬಸ್ಸು ಹತ್ತಿ ಅಲ್ಲಿನ ರದ್ದಿ ಅಂಗಡಿಗಳನ್ನು ಜಾಲಾಡಿ ತರುತ್ತಿದ್ದರು. ಒಂದೇ ಮುದ್ರಣಕ್ಕೆ ನಿಂತುಹೋದ ಕಾದಂಬರಿಗಳು, ಮೂರು ದಿನವೂ ಓಡದ ಸಿನಿಮಾಗಳು. ಕಾನ್ವೆಂಟಿನಲ್ಲಿ ಓದಿ ಬಂದ ಹೊಸ ಸೊಸೆ ನಾನು, ಮನೆಯಲ್ಲಿ ಪುಸ್ತಕವೆಂದರೆ ಪಂಚಾಂಗ, ಪೂಜೆಯ ಪುಸ್ತಕ ಅಷ್ಟೇ. ತರಕಾರಿ ಚೀಲ ಹಿಡಿದುಕೊಂಡೇ ಆ ಪರದೆಯ ಹಿಂದೆ ನಿಂತುಬಿಡುತ್ತಿದ್ದೆ.

“ಬಾಡಿಗಿ ಬ್ಯಾಡ ತಂಗಿ. ಪೂರಾ ನೋಡಿ ಬಂದು, ಏನಿತ್ತು ಅಂತ ಹೇಳು, ಸಾಕು,” ಎನ್ನುತ್ತಿದ್ದರು. ಪರದೆಯ ಹಿಂದಿನ ಮಾಲಿಗೆ ಅದೊಂದೇ ಕರಾರು. ನಾನು ಹೇಳುವಾಗ ಗಿರಾಕಿ ಬಂದರೂ ಕೈಸನ್ನೆ ಮಾಡಿ ನಿಲ್ಲಿಸುತ್ತಿದ್ದರು.

ಎರಡು ವರ್ಷ ಹೀಗೆ ನಡೆದ ಮೇಲೆ ಒಂದು ದಿನ ಆ ಕ್ಯಾಸೆಟ್ಟು ಕೊಟ್ಟರು. ಕಪ್ಪು ಬಿಳುಪಿನ ಸಿನಿಮಾ, ಹಾಡಿಲ್ಲ. ಯಾರೋ ನಕಲು ಮಾಡುವಾಗ ಹೆಸರು ಬರುವ ಭಾಗವೇ ಹೋಗಿತ್ತು. ಇನ್ನೊಂದು ಪ್ರತಿಗಾಗಿ ಪುಣೆಯ ತನಕ ಹುಡುಕಿದ್ದರಂತೆ, ಸಿಕ್ಕಿರಲಿಲ್ಲ. “ಇದನ್ನ ಯಾರಿಗೂ ಕೊಟ್ಟಿಲ್ಲ. ನೋಡು, ಆಮ್ಯಾಲೆ ಮಾತಾಡೂಣು,” ಎಂದರು.

ಮಧ್ಯಾಹ್ನ ಹಾಕಿದೆ. ಸೇತುವೆ ಆದ ಮೇಲೂ ದಿನಾ ಹೊಳೆ ದಂಡೆಗೆ ಬಂದು ಕೂಡುವ ಒಬ್ಬ ಅಂಬಿಗ. ಅವನ ಬಳಿ ಒಬ್ಬ ಹೆಂಗಸು ಮನೆಯ ಬಾಗಿಲೊಂದನ್ನು ಬೆನ್ನಿಗೆ ಹೊತ್ತು ಬರುತ್ತಾಳೆ. ಮನೆ ಇಲ್ಲ, ಬರೀ ಬಾಗಿಲು. ಅದನ್ನು ಆಚೆ ದಂಡೆಗೆ ಮುಟ್ಟಿಸು ಎನ್ನುತ್ತಾಳೆ. ನಾವೆ ನಡುಹೊಳೆಗೆ ಬರುವ ಹೊತ್ತಿಗೆ ರಾಯಬಾಗದಿಂದ ನೆಂಟರು ಬಂದರು. ಊರ ಬಸದಿಗೆ ಬಂದಿದ್ದ ಮುನಿಗಳ ದರ್ಶನಕ್ಕೆಂದು ಬಂದವರು. ಮಷಿನ್ ನಿಲ್ಲಿಸಿ, ಕ್ಯಾಸೆಟ್ಟು ತೆಗೆದು ಟೀವಿ ಮೇಲಿಟ್ಟು ಚಹಾಕ್ಕಿಟ್ಟೆ. ಉಳಿದದ್ದು ನಾಳೆ ನೋಡಿದರಾಯಿತು ಎಂದುಕೊಂಡೆ...

ಮರುದಿನ ಬಸದಿಯಲ್ಲಿ ಪ್ರವಚನ. ನಾನು ಅಡುಗೆಯಲ್ಲಿದ್ದೆ. ಫೋಟೊದವನು ಕ್ಯಾಮರಾ ತಂದಿದ್ದ, ಹೊಸ ಕ್ಯಾಸೆಟ್ಟು ಮರೆತಿದ್ದ. ಮಾವನವರು ಟೀವಿ ಮೇಲಿದ್ದದ್ದನ್ನೇ ಒಯ್ದುಕೊಟ್ಟರು. ಯಾರೂ ಅಳಿಸಬಾರದೆಂದು ಕಾಕಾ ಮುರಿದಿಟ್ಟಿದ್ದ ಕ್ಯಾಸೆಟ್ಟಿನ ಮೂಲೆಗೆ ಫೋಟೊದವನು ಅಂಟುಪಟ್ಟಿ ಹಚ್ಚಿ, ಸಿನಿಮಾದ ಮೇಲೆಯೇ ಪ್ರವಚನ ತುಂಬಿಸಿಬಿಟ್ಟ.

ಸಂಜೆ ನನ್ನ ಮುಖ ನೋಡಿ ಮಾವನವರು, “ಹಾಡಿಲ್ಲ, ಕುಣಿತಿಲ್ಲ, ಯಾರ ನೋಡ್ತಾರವಾ ಅದನ್ನ? ಮಹಾರಾಜರ ವಾಣಿ ತುಂಬೇತಿ. ಕ್ಯಾಸೆಟ್ಟಿಗೂ ಪುಣ್ಯ ಬಂತು,” ಎಂದು ನಕ್ಕರು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ.

ಬರಿಗೈಲಿ ಅಂಗಡಿಗೆ ಹೋಗಿ ನಡೆದದ್ದು ಹೇಳಿದೆ. ಕಾಕಾ ಬಹಳ ಹೊತ್ತು ಕನ್ನಡಕದ ಗಾಜು ಒರೆಸಿದರು. ಆಮೇಲೆ ಕೇಳಿದರು, “ಅಳಿಸೂಕಿಂತ ಮೊದಲ ನೀ ಪೂರಾ ನೋಡಿದ್ದಿ?”

“ಹೂಂರಿ ಕಾಕಾ.”

“ಹೋಗ್ಲಿ ಬಿಡು. ಇಬ್ಬರರೆ ನೋಡೇವಲ್ಲ.”

ಒಂದು ಹೂಂ... ಆ ಹೊತ್ತಿಗೆ ಅವರಿಗೆ ಅಷ್ಟಾದರೂ ಉಳಿಯಲಿ ಎಂದು ಅಂದದ್ದು. ಅಂದಮೇಲೆ ಕೊನೆಗೆ ಏನಾಯಿತು ಎಂದು ಅವರನ್ನು ಕೇಳುವ ದಾರಿಯೂ ಮುಚ್ಚಿತು. ಮುಂದೆ ಎಷ್ಟೋ ವರ್ಷ, “ಆ ಕಡೀ ಸೀನು ಮರತಿಯೇನು?” ಎನ್ನುವರು. “ಹ್ಯಾಂಗ ಮರೀತೇನ್ರಿ,” ಎಂದು ನಾನು ಪುಸ್ತಕದ ಹಾಳೆ ತಿರುವುವೆ.

ಕ್ಯಾಸೆಟ್ಟಿನ ಕಾಲ ಮುಗಿಯಿತು, ಅಂಗಡಿಯ ಬಾಗಿಲು ಬಿತ್ತು. ಕಾಕಾಗೆ ಲಕ್ವಾ ಹೊಡೆದಿದೆ ಎಂದು ಕೇಳಿ ನೋಡಲು ಹೋದೆ. ಗೋಡೆಗೆ ಒರಗಿಸಿ ಕೂರಿಸಿದ್ದರು. ಮಾತು ತೊದಲುತ್ತಿತ್ತು.

“ತಂಗಿ, ಆ ಪಿಚ್ಚರ್ ಕಡೀಕ ನೆನಪ ಹಾರೇತಿ ನನಗ. ನಾವಿ ದಂಡೀ ಮುಟ್ಟತೈತೇನು? ನೀ ನೋಡೀಯಲ್ಲ, ಹೇಳು.”

“ಮುಟ್ಟತೈತ್ರಿ ಕಾಕಾ.”

ಅವರು ಹುಬ್ಬು ಗಂಟಿಕ್ಕಿದರು. “ಮುಟ್ಟತೈತಿ?... ಇಲ್ಲಂತ ಅನಸ್ತಿತ್ತು ನನಗ.” ಆಮೇಲೆ, “ನೀ ಅಂತೀ ಅಂದಮ್ಯಾಲೆ ಖರೇನ ಇರಬೇಕು,” ಎಂದರು. ಒಂಬತ್ತು ದಿನಕ್ಕೆ ಹೋಗಿಬಿಟ್ಟರು.

ಅವರ ತಲೆಯಲ್ಲಿ ಅಷ್ಟಿಷ್ಟು ಉಳಿದಿದ್ದುದನ್ನೂ ನಾನೇ ಅಳಿಸಿದೆ.

ಈಗ ಅಪರೂಪದ ಸಿನಿಮಾ ಹುಡುಕುವವರ ಗುಂಪೊಂದಿದೆ, ಫೋನಿನಲ್ಲಿ. ಅಂಬಿಗ, ಹೆಂಗಸು, ಬಾಗಿಲು ಎಂದೆಲ್ಲ ಬರೆದು ಹಾಕಿದೆ. ಯಾರೂ ಕಂಡಿಲ್ಲ, ಕೇಳಿಲ್ಲ. ಒಬ್ಬಳು ಹುಡುಗಿ ಮಾತ್ರ ಕೇಳಿದಳು: “ಕೊನೆಗೆ ಏನಾಗುತ್ತೆ ಆಂಟಿ?”

ಒಲೆ ಸಣ್ಣಗೆ ಮಾಡಿ, ಕೈ ಒರೆಸಿಕೊಂಡು ಬಂದು ಬರೆದೆ: “ಗೊತ್ತಿಲ್ಲಮ್ಮ. ನಾನು ಅರ್ಧ ಮಾತ್ರ ನೋಡಿದ್ದೆ.”

ಇಷ್ಟು ವರ್ಷ ಬೇಕಾಯಿತು ಇಷ್ಟು ಹೇಳಲು. ಕೇಳಬೇಕಾದವರು ಇರಲಿಲ್ಲ.